ಪೆಟ್ಟಿಗೆಯೊಳಗಿನ ನಾಲೆ

ಕೆಲಸಕ್ಕೆ ಸೇರಿದ ಮೊದಲ ಬೆಳಿಗ್ಗೆ ನಾನಿನ್ನೂ ಕುರ್ಚಿಯ ಧೂಳು ಒರೆಸುತ್ತಿದ್ದೆ. ಹವಾಮಾನ ಕಚೇರಿಯ ಕಿಟಕಿಯ ಸರಳುಗಳ ನಡುವೆ ಒಂದು ಕೈ ಒಳಗೆ ಬಂತು. ಮೊಣಕೈವರೆಗೂ ಹಸಿರು ಗಾಜಿನ ಬಳೆ, ಬೆರಳಿಗೆಲ್ಲ ಉದ್ದಿನ ಹಿಟ್ಟು. ಆ ಕೈ ಒಂದು ಕಟ್ಟು ಹಪ್ಪಳವನ್ನು ನನ್ನ ಮೇಜಿನ ಮೇಲಿಟ್ಟಿತು.

"ಹೊಸಬರಾ? ನಾಳೆ ಗಾಳೀನ ಸಂಜೆ ಮೇಲೆ ಬಿಡಿ. ತಾರಸಿ ತುಂಬ ಹಪ್ಪಳ ಹರಡಬೇಕು. ಹೋದ ಸಲ ಎಲ್ಲಾ ಹಾರಿಹೋಗಿ ಪೊಲೀಸ್ ಸ್ಟೇಷನ್ ಮೇಲೆ ಬಿದ್ದೊ. ವಾಪಸ್ ಕೊಡಲಿಲ್ಲ, ಕರಿದು ತಿಂದ್ರು."

"ಗಾಳಿ ಬಿಡೋದು ನಾನಲ್ಲಮ್ಮ" ಎಂದೆ.

"ಮತ್ತಿನ್ಯಾರು?" ಎಂದು ಕೈ ಕೇಳಿತು.

ಒಳಗಿನ ಕೋಣೆಯಿಂದ ನಮ್ಮ ಮೇಲಧಿಕಾರಿ ದಕ್ಷಿಣಾಮೂರ್ತಿಗಳು ಬಂದು ಹಪ್ಪಳದ ಕಟ್ಟನ್ನು ಸರಳಿನಿಂದಾಚೆ ದಾಟಿಸಿದರು. ಆಮೇಲೆ ನನಗೆ ಊರಿನ ನಿಯಮ ಹೇಳಿಕೊಟ್ಟರು. ಈ ಊರಿನ ಹವೆ ನಮ್ಮ ಕಂಪ್ಯೂಟರ್ ಲೆಕ್ಕ ಹಾಕಿದ ಹಾಗೆ ನಡೆದುಕೊಳ್ಳುತ್ತದೆ. ಬಿಸಿಲು ಎಂದರೆ ಬಿಸಿಲು, ಮೋಡ ಎಂದರೆ ಮೋಡ. ಲೆಕ್ಕದ ಉತ್ತರವನ್ನು ನಾವು ಮುಟ್ಟುವ ಹಾಗಿಲ್ಲ, ಮುಟ್ಟಲು ಬರುವುದೂ ಇಲ್ಲ. ನೆಲ ಹೇಗಿದೆ, ಮರ ಎಲ್ಲಿದೆ, ಬಂಡೆ ಎಲ್ಲಿದೆ ಎಂದು ಅದಕ್ಕೆ ಹೇಳಬಹುದು, ಅಷ್ಟೆ. "ನಿಜ ಹೇಳಿದರೂ ನಂಬುತ್ತೆ, ಸುಳ್ಳು ಹೇಳಿದರೂ ನಂಬುತ್ತೆ. ಅದೇ ಅದರ ತೊಂದರೆ. ಆದ್ದರಿಂದ ಕಡಮೆ ಮಾತಾಡಿ" ಎಂದರು. ಊರಿನವರು ಆ ಕಂಪ್ಯೂಟರನ್ನು ಪೆಟ್ಟಿಗೆ ಎನ್ನುತ್ತಿದ್ದರು. ಕಲ್ಯಾಣಮಂಟಪದವರು, ಸೋಡಾ ಅಂಗಡಿಯವರು, ಮಡಿವಾಳರು, ಎಲ್ಲರೂ ಆ ಕಿಟಕಿಗೆ ಬಂದು ಹೋದವರೇ. ಇದು ಯಾಕೆ ಹೀಗೆ ಎಂದು ಕೇಳಿದವರನ್ನು ಮಾತ್ರ ನಾನು ಕಾಣೆ. ಹುಟ್ಟಿದ ಮಗು ಯಾಕೆ ಅಳುತ್ತದೆ ಎಂದು ಯಾರಾದರೂ ಕೇಳುತ್ತಾರೆಯೇ?

ಬಳೆಗಳ ಕೈ ಪುಟ್ಟನಂಜಮ್ಮನದು. ಸಂಜೆ ಬಾಡಿಗೆ ಕೋಣೆ ಹುಡುಕುತ್ತ ಹೊರಟವಳು ಅದೇ ಹಿಟ್ಟಿನ ಕೈ ನೀಡಿದ ಕಾಫಿ ಕುಡಿದು, ಅವರ ಮನೆಯ ಮಹಡಿಯ ಕೋಣೆಗೇ ಬಂದು ಸೇರಿಕೊಂಡೆ. ಪುಟ್ಟನಂಜಮ್ಮ ಬೀದಿಯ ಹೆಂಗಸರನ್ನೆಲ್ಲ ಸೇರಿಸಿಕೊಂಡು ಹಪ್ಪಳ ಮಾಡಿಸುವಾಕೆ. ಅವಳ ಗಂಡ ಕೆಂಚೇಗೌಡ ಭತ್ತ ಬೆಳೆಯುವವನು, ನಾಲೆಯ ಬಾಯಿಗೇ ಅವನ ಗದ್ದೆ. ಮಕ್ಕಳಿರಲಿಲ್ಲ. ಅದಕ್ಕೋ ಏನೋ, ಬಂದ ವಾರದೊಳಗೆ ನಾನು ಅವಳಿಗೆ ಮಗಳಾದೆ, ಅವನಿಗೆ ದೂರು ಹೇಳಿಕೊಳ್ಳಲು ಒಂದು ಕಿವಿಯಾದೆ.

ಅವನ ದೂರು ಒಂದೇ. ಭತ್ತ ಹೊಡೆ ಒಡೆದು ಹೂವಾಗುವ ಹೊತ್ತಿಗೆ ಸರಿಯಾಗಿ ಕಾದ ಗಾಳಿ ಬೀಸುತ್ತದೆ, ಹೂವು ಸುಟ್ಟು ಹೋಗುತ್ತದೆ, ತೆನೆ ಪೂರ ಜಳ್ಳು. ಮೊದಲು ಬೀಜ ಕೊಟ್ಟವನನ್ನು ಬೈದ. ಆಮೇಲೆ ಪಕ್ಕದ ಊರಿನ ಭಾವಮೈದುನ ಜವರಪ್ಪನ ದೃಷ್ಟಿ ತಾಗಿದೆ ಎಂದ. "ನನ್ನ ತಮ್ಮನಿಗೆ ದೂರದ್ದು ಕಾಣಲ್ಲ, ಹತ್ತಿರದ್ದೂ ಕಾಣಲ್ಲ. ಅವನ ದೃಷ್ಟಿ ನಿನ್ನ ಗದ್ದೆವರೆಗೆ ಬರೋದಾದ್ರೆ ನಾನೇ ಹರಕೆ ಹೊರ್ತೀನಿ" ಎಂದು ಪುಟ್ಟನಂಜಮ್ಮ ಒಳಗಿನಿಂದಲೇ ಕೂಗಿದಳು.

ಒಂದು ದಿನ ನಾನು ಮರೆತು ಬಂದ ಬುತ್ತಿಯನ್ನು ಕೊಡಲು ಗೌಡ ಕಚೇರಿಗೆ ಬಂದ. ಪೆಟ್ಟಿಗೆಯ ಪರದೆಯ ಮುಂದೆ ನಿಂತು, ಜಾತ್ರೆಯಲ್ಲಿ ಕನ್ನಡಿ ನೋಡಿದ ಹಾಗೆ ನೋಡಿದ.

"ಇದರಾಗೆ ನನ್ನ ಗದ್ದೆ ಎಲ್ಲದೆ?"

ಒಂದು ಚೌಕ ತೋರಿಸಿದೆ. ಪೆಟ್ಟಿಗೆ ನೆಲವನ್ನೆಲ್ಲ ಚೌಕಗಳಾಗಿ ತುಂಡು ಮಾಡಿಕೊಂಡಿರುತ್ತದೆ. ನಮ್ಮ ಊರು, ಊರಿನ ಗದ್ದೆ, ಸ್ಮಶಾನ, ಶಾಲೆ ಎಲ್ಲಾ ಸೇರಿ ಒಂದೇ ಚೌಕ.

"ಇದ್ಯಾಕೆ ಹಳದಿ ಅದೆ?"

"ಅದು ಕುರುಚಲು ಗಿಡದ ಒಣ ಬಯಲು ಗೌಡರೇ."

"ಯಾವುದು? ನನ್ನ ಗದ್ದೇನಾ?" ಗೌಡ ಪಂಚೆ ಎತ್ತಿ ಕಾಲು ತೋರಿಸಿದ. ಮೊಣಕಾಲಿನವರೆಗೂ ಕೆಸರು ಒಣಗಿ ಬಿರುಕು ಬಿಟ್ಟಿತ್ತು. "ಇಲ್ಲಿಗಂಟ ನೀರು ನಿಂತದೆ ಅಲ್ಲಿ! ಇದು ಒಣ ಬಯಲಾ?"

ನಾನು ಹಳೆಯ ಕಡತ ತೆಗೆದು ನೋಡಿದೆ. ನಾಲೆ ಬರುವುದಕ್ಕೆ ಮುಂಚೆ ಯಾರೋ ಬರೆದ ನೆಲ ಅದು. ನಾಲೆ ಬಂದು ಒಂದು ತಲೆಮಾರು ಕಳೆದಿತ್ತು. ಊರಿನವರು ನೀರು ಹಾಯಿಸಿದರು, ಭತ್ತ ಬೆಳೆದರು, ಕಬ್ಬು ಬೆಳೆದರು. ಆದರೆ ಪೆಟ್ಟಿಗೆಗೆ ಆ ಸುದ್ದಿಯನ್ನು ಯಾರೂ ಮುಟ್ಟಿಸಿರಲಿಲ್ಲ. ಅದು ಒಣ ಬಯಲಿಗೆ ತಕ್ಕ ಬಿಸಿಲನ್ನೂ ಬಿಸಿಗಾಳಿಯನ್ನೂ ನಿಷ್ಠೆಯಿಂದ ಕಳಿಸುತ್ತಲೇ ಇತ್ತು. ಊರೂ ಒಗ್ಗಿಕೊಂಡಿತ್ತು. ನಾಟಿ ಹಾಕುವ ಹೆಂಗಸರು ತಲೆ ಮೇಲೆ ಒದ್ದೆ ಬಟ್ಟೆ ಹೊದ್ದು ಇಳಿಯುತ್ತಿದ್ದರು, ಒಂದು ಸಾಲು ಮುಗಿಯುವುದರೊಳಗೆ ಬಟ್ಟೆ ಹಪ್ಪಳವಾಗುತ್ತಿತ್ತು. ಪುಟ್ಟನಂಜಮ್ಮನ ಹಪ್ಪಳದ ಹೆಸರು ಅಷ್ಟು ದೂರ ಹೋಗಿದ್ದೂ ಆ ಗಾಳಿಯಿಂದಲೇ.

ದಕ್ಷಿಣಾಮೂರ್ತಿಗಳ ಮುಂದೆ ಹೋಗಿ, ನೆಲದ ಬಗ್ಗೆ ನಾವೇ ಸುಳ್ಳು ಹೇಳುತ್ತಿದ್ದೇವಲ್ಲ ಸಾರ್ ಎಂದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ನಿಜವನ್ನ ಬರೆಯಬೇಡ ಅನ್ನೋಕೆ ನನಗೆ ಅಧಿಕಾರವಿಲ್ಲ. ಬರೀರಿ. ಸ್ವಲ್ಪ ಬರೀರಿ" ಎಂದರು.

ನಾನು ಬರೆದದ್ದು ಸ್ವಲ್ಪವೇ. ನೆಲ ಇಷ್ಟಕ್ಕಿಂತ ಒಣಗಿದರೆ ನೀರು ಕೊಡು, ನೆನೆಯುವವರೆಗೂ ಕೊಡು, ಎಂದು. ಬರೆದು ಮನೆಗೆ ಹೋಗಿ ಹಾಯಾಗಿ ಮಲಗಿದೆ.

ಬೆಳಿಗ್ಗೆ ಎದ್ದು ಕಾಲು ಕೆಳಗಿಟ್ಟರೆ ಚಪ್ ಎಂದಿತು. ಮಹಡಿಯ ನೆಲ ಒದ್ದೆ. ಮೆಟ್ಟಿಲು ಒದ್ದೆ. ಬೀದಿಗೆ ಬಂದರೆ ಊರಿಗೆ ಊರೇ ಒದ್ದೆ, ಬ್ಯಾಂಕಿನ ಜಗಲಿ, ಅಂಚೆ ಕಚೇರಿಯ ಗೋಡೆ, ಬಸ್ ನಿಲ್ದಾಣದ ಬೆಂಚು, ಎಲ್ಲಾ ಹದವಾಗಿ ನೀರುಂಡ ಪಾತಿಯ ಹಾಗೆ. ಮಳೆಯಲ್ಲ, ಏನಲ್ಲ. ಪೆಟ್ಟಿಗೆಗೆ ಚೌಕವೆಂದರೆ ಒಂದೇ ಗದ್ದೆ. ಅದು ಗೌಡನ ಭತ್ತಕ್ಕೂ ಸರ್ಕಾರಿ ಆಸ್ಪತ್ರೆಗೂ ಭೇದವೆಣಿಸದೆ ನೀರು ಹಂಚಿತ್ತು.

ಊರಿನವರು ಗಾಬರಿಯಾದರೇ? ಒಂದು ಬೆಳಿಗ್ಗೆ ಮಟ್ಟಿಗೆ ಆದರು, ಅಷ್ಟೆ. ಮಧ್ಯಾಹ್ನದ ಹೊತ್ತಿಗೆ ಕ್ಷೌರದಂಗಡಿಯವನು ಪ್ಯಾಂಟು ಮಡಿಚಿ ಕೆಲಸ ಶುರು ಮಾಡಿದ್ದ. ಪೊಲೀಸ್ ಸ್ಟೇಷನ್ನಿನ ಲಾಕಪ್ಪು ಖಾಲಿ ಇದ್ದುದರಿಂದ ಅದರಲ್ಲಿ ಕೊತ್ತಂಬರಿ ಚೆಲ್ಲಿದರು. ಹೈಸ್ಕೂಲಿನ ಹೆಡ್ ಮೇಡಂ ಆಟದ ಮೈದಾನಕ್ಕೆ ನಾಟಿ ಹಾಕಿಸಿಯೇ ಬಿಟ್ಟರು. ಸಾಲು ಸೊಟ್ಟಗಾದ ಕಡೆ ಎಂಟನೇ ಕ್ಲಾಸಿನವರಿಗೆ ಬೈಗಳು ಬಿತ್ತು.

ಆದರೆ ತಾರಸಿ ಮೇಲೆ ಹಪ್ಪಳಗಳು ನೆನೆದ ಕರವಸ್ತ್ರದಂತೆ ಜೋತುಬಿದ್ದಿದ್ದವು. ಪುಟ್ಟನಂಜಮ್ಮ ಅವತ್ತು ಕಿಟಕಿಗೆ ಬರಲಿಲ್ಲ, ಬಾಗಿಲಿಗೇ ಬಂದಳು. ಬಂದವಳು ಒಂದು ಹಪ್ಪಳವನ್ನು ನನ್ನ ಮೇಜಿನಂಚಿಗೆ ಬಟ್ಟೆ ಒಣಹಾಕುವ ಹಾಗೆ ನೇತುಹಾಕಿದಳು.

"ನೋಡವ್ವ. ಇದನ್ನ ಕರೀಲೋ, ಹಿಂಡ್ಲೋ?"

ಗಂಡನೇ ಹೇಳಿಸಿದ್ದು ಎಂದು ನಾನು ಹೇಳಲಿಲ್ಲ. ಅವಳಿಗೆ ಗೊತ್ತಿತ್ತು. "ಅವನ ಮಾತು ಕಟ್ಕೊಂಡು ನಾನು ಮೂವತ್ತು ವರ್ಷ ನೆನೆದಿದ್ದೀನಿ, ನೀನೂ ನೆನೀಬೇಡ" ಎಂದಳು.

ಅವತ್ತೇ ಕುಳಿತು ಚೌಕವನ್ನು ಎರಡು ಮಾಡಿದೆ. ಗದ್ದೆಯ ಪಾಲು ಬೇರೆ, ಊರಿನ ಪಾಲು ಬೇರೆ. ನೀರು ಗದ್ದೆಯ ಪಾಲಿಗೆ ಮಾತ್ರ. ಮಾರನೆಯ ದಿನ ಊರು ಒಣಗಿತು. ಹೆಡ್ ಮೇಡಂ ಬಂದು ಮೈದಾನವನ್ನು ಗದ್ದೆಯ ಪಾಲಿಗೆ ಸೇರಿಸಲು ಆಗುವುದೇ ಎಂದು ಕೇಳಿಕೊಂಡು ಹೋದರು. ಗದ್ದೆ ಬಯಲಿನ ಕಡೆಯಿಂದ, ಆ ಊರು ಹುಟ್ಟಿದ ಮೇಲೆ ಬೀಸಿರದ ಒಂದು ಗಾಳಿ ಬೀಸಿತು. ತಂಪು, ಕೆಸರಿನ ವಾಸನೆ, ಒಂದಿಷ್ಟು ಹುಲ್ಲಿನ ವಾಸನೆ. ಊರಿನೊಳಕ್ಕೆ ಬರುವ ಹೊತ್ತಿಗೆ ಹದವಾಗಿ ಬೆಚ್ಚಗಾಗಿ ಹಪ್ಪಳಕ್ಕೂ ಸರಿಹೋಯಿತು. ಗಂಡ ಹೆಂಡತಿ ಒಂದೇ ಗಾಳಿಯನ್ನು ಹೊಗಳಿದ್ದನ್ನು ನಾನು ನೋಡಿದ್ದು ಆ ದಿನಗಳಲ್ಲೇ.

ಅದರ ಜೊತೆಗೆ ಇನ್ನೊಂದು ವಿಚಿತ್ರವಾಯಿತು. ಗದ್ದೆಗಳು ತಾವಾಗಿಯೇ ನೆನೆಯುತ್ತಿದ್ದವು. ನಾಲೆಯ ತೂಬು ಎತ್ತುವವರೇ ಇಲ್ಲ. ಸರದಿ ಹೇಳುವ ನೀರುಗಂಟಿ ಮಾವಿನ ಮರದ ಕೆಳಗೆ ಮಲಗಿದ. ನೀರಿಗಾಗಿ ಹೊಡೆದಾಡುತ್ತಿದ್ದ ಗಂಡಸರು ಸೇತುವೆ ಕಟ್ಟೆಯ ಮೇಲೆ ಕುಳಿತು, ಹೊಡೆದಾಡಲು ಬೇರೆ ಕಾರಣ ಸಿಕ್ಕದೆ ಆಕಳಿಸಿದರು. ಕೊನೆಗೆ ಇಸ್ಪೀಟು ತಂದರು, ಅದರಲ್ಲಿ ಹೊಡೆದಾಡಿದರು.

ಇಷ್ಟು ಸುಖ ಪೆಟ್ಟಿಗೆಗೇ ತಡೆಯಲಿಲ್ಲ. ಒಂದು ಬೆಳಿಗ್ಗೆ ಲೆಕ್ಕ ಅರ್ಧಕ್ಕೆ ನಿಂತಿತು. ಪರದೆಯ ಮೇಲೆ ಒಂದೇ ಸಾಲು: ಈ ನೀರು ಎಲ್ಲಿಂದ ಬಂತು?

ಕಿಟಕಿಯಿಂದ ನೋಡಿದರೆ ಹೊರಗೆ ಹವೆಯೂ ಅರ್ಧಕ್ಕೆ ನಿಂತಿತ್ತು. ಅಂಚೆ ಕಚೇರಿಯ ಮೇಲೆ ಒಂದು ಮೋಡ ಬಂದು ತಂಗಿತು, ಕದಲಲಿಲ್ಲ. ಗಾಳಿ ಇಲ್ಲ, ಆದರೆ ಸೆಕೆಯೂ ಇಲ್ಲ. ಒಣಹಾಕಿದ ಸೀರೆಗಳು ಅರ್ಧ ಒಣಗಿ ಅಷ್ಟಕ್ಕೇ ಬಿಟ್ಟವು. ಮದುವೆ ಮನೆಯವರು ಮೋಡದ ನೆರಳಿಗೆ ಶಾಮಿಯಾನ ಬೇಡವೆಂದು ಅಂಚೆ ಕಚೇರಿಯ ಮುಂದೆಯೇ ಊಟದ ಎಲೆ ಹಾಕಿಸಿದರು. ಪುಟ್ಟನಂಜಮ್ಮನ ಹಪ್ಪಳ ಮೂರು ದಿನ ಹಸಿಯೂ ಆಗದೆ ಒಣಗಲೂ ಆಗದೆ ಬಿದ್ದಿತ್ತು.

"ನೀರು ಎಲ್ಲಿಂದಲೋ ಬರಬೇಕಲ್ಲ" ಎಂದರು ದಕ್ಷಿಣಾಮೂರ್ತಿಗಳು, ಬೆವರದಿದ್ದರೂ ಹಣೆ ಒರೆಸಿಕೊಳ್ಳುತ್ತ. "ನೀವು ಆಕಾಶದಿಂದ ಉದುರಿಸಿದಂತೆ ಬರೆದಿದ್ದೀರಿ. ಅದು ಲೆಕ್ಕ ಕೇಳ್ತಿದೆ. ಎಲ್ಲಿಂದ ಅಂತ ಬರೆದು ಮುಗಿಸಿ, ಮೊದಲು ಆ ಮೋಡ ಹೊರಡಲಿ."

ಮಧ್ಯಾಹ್ನದ ಊಟಕ್ಕೆ ಕುಳಿತಾಗ ಗೌಡನಿಗೆ ಹೇಳಿದೆ, ನಾಲೆಯಿಂದ ಎಂದು ಬರೆಯುತ್ತೇನೆ ಎಂದು. ಅವನ ಕೈಯ ತುತ್ತು ಅಲ್ಲೇ ನಿಂತಿತು. ಪುಟ್ಟನಂಜಮ್ಮ ಹಿತ್ತಲಿನಲ್ಲಿದ್ದುದನ್ನು ನೋಡಿಕೊಂಡು ಮುಂದಕ್ಕೆ ಬಾಗಿದ.

"ನಾಲೆ ಬರೆದ್ರೆ ಅದರ ನೀರು ಮುಗೀತದೆ ಕಣವ್ವ. ಆಮೇಲೆ ಮತ್ತೆ ಸರದಿ, ಮತ್ತೆ ಜಗಳ. ನನ್ನ ಭತ್ತ ಈಗ ಹೊಡೆ ಕಟ್ಟೈತೆ. ಪಕ್ಕದ ಚೌಕದಾಗೆ ಒಂದು ಕೆರೆ ಅದೆ, ನೋಡಿದ್ದೀಯಾ? ತುಂಬಿ ಬಿದ್ದದೆ. ಅಲ್ಲಿಂದ ಅಂತ ಬರಿ. ಯಾರೂ ಕೇಳಲ್ಲ."

ಯಾರ ಕೆರೆ ಎಂದು ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ. ನಾನು ಬರೆದೆ. ಮೋಡ ಎದ್ದು ಹೊರಟಿತು, ಸೀರೆಗಳು ಒಣಗಿದವು, ತಂಪು ಗಾಳಿ ಮತ್ತೆ ಬೀಸಿತು.

ಸ್ವಲ್ಪ ದಿನದಲ್ಲೇ ಒಂದು ಭಾನುವಾರ ಜವರಪ್ಪ ಅಕ್ಕನ ಮನೆಗೆ ಬಂದ. ತಲೆ ಮೇಲೆ ಒಂದು ಕುಕ್ಕೆ ಮೀನು. ಇಳಿಸಿದವನೇ ಗೋಡೆಗೊರಗಿ ಕುಳಿತುಬಿಟ್ಟ.

"ಇಷ್ಟೊಂದು ಮೀನಾ? ಬಲೆ ಹಾಕಿದ್ದಾ?" ಎಂದಳು ಪುಟ್ಟನಂಜಮ್ಮ.

"ಬಲೆ ಯಾಕಕ್ಕ, ಕೈಯಲ್ಲಿ ಬಾಚ್ಕೊಂಡು ಬಂದೆ. ಕೆರೇಲಿ ನೀರೇ ಇಲ್ಲ. ತೂಬು ಎತ್ತಿಲ್ಲ, ಏರಿ ಒಡೆದಿಲ್ಲ, ದಿನಾ ಬೆಳಿಗ್ಗೆ ನೋಡಿದ್ರೆ ಒಂದು ಮೆಟ್ಟಿಲು ಕೆಳಗೆ ಹೋಗಿರ್ತದೆ. ಎಮ್ಮೆಗಳು ಮಧ್ಯಕ್ಕೆ ಹೋಗಿ ಮಲಗಿದ್ರೂ ಬೆನ್ನು ನೆನೆಯಲ್ಲ. ಊರೋರು ದೇವರ ಕೋಪ ಅಂತಾರೆ."

"ಅಯ್ಯೋ ಪಾಪ! ಎಂಥ ಕಷ್ಟ ಬಂತಪ್ಪ ಜವರ! ನೆಲದ ಮೇಲ್ಯಾಕೆ ಕುಂತೆ?" ಎಂದು ಗೌಡ ಎದ್ದು, ಒಳಗಿನಿಂದ ಕುರ್ಚಿ ತಂದು ಹಾಕಿದ.

ಪುಟ್ಟನಂಜಮ್ಮ ಮೀನು ತೊಳೆಯುತ್ತಿದ್ದ ಕೈ ನಿಲ್ಲಿಸಿದಳು. ಕುರ್ಚಿಯನ್ನು ನೋಡಿದಳು. ಗಂಡನನ್ನು ನೋಡಿದಳು.

"ಮದುವೆಯಾದಾಗಿನಿಂದ ನನ್ನ ತಮ್ಮನಿಗೆ ನೀನು ಒಂದು ಚಾಪೆ ಹಾಸಿದ್ದಿಲ್ಲ. ಇವತ್ತು ಕುರ್ಚಿ?"

ಗೌಡ ಸೂರು ನೋಡಿದ. ಅವಳ ಕಣ್ಣು ನನ್ನ ಕಡೆ ತಿರುಗಿತು. ನನ್ನ ಬಾಯಲ್ಲಿ ಅವಳೇ ಹಾಕಿಕೊಟ್ಟ ಮುದ್ದೆ ಇತ್ತು. ಅದನ್ನು ನುಂಗುವುದಕ್ಕೂ ಆಗಲಿಲ್ಲ, ಮಾತಾಡುವುದಕ್ಕೂ ಆಗಲಿಲ್ಲ. ಅಷ್ಟೇ ಸಾಕಾಯಿತು ಅವಳಿಗೆ.

ಅವಳು ಕೂಗಾಡಲಿಲ್ಲ. ಮೀನು ತೊಳೆದು, ಸಾರು ಮಾಡಿ, ತಮ್ಮನಿಗೆ ಬಡಿಸಿದಳು. ನಮಗೂ ಬಡಿಸಿದಳು, ಆದರೆ ಎರಡನೇ ಸಲ ಬೇಕೇ ಎಂದು ಕೇಳಲಿಲ್ಲ. ಆಮೇಲೆ ಹಪ್ಪಳದ ಮಣೆ, ಲಟ್ಟಣಿಗೆ ಎರಡನ್ನೂ ಸೀರೆಯಲ್ಲಿ ಕಟ್ಟಿ ಕಂಕುಳಲ್ಲಿಟ್ಟುಕೊಂಡಳು. ಬಟ್ಟೆಬರೆ ತೆಗೆದುಕೊಳ್ಳದೆ ಮಣೆ ಲಟ್ಟಣಿಗೆ ತೆಗೆದುಕೊಂಡಳು ಎಂದಾಗಲೇ ಗೌಡನಿಗೆ ಜೀವ ಹಾರಿತು.

"ಎಲ್ಲಿಗೆ?"

"ಕೆರೆ ತುಂಬೋವರೆಗೂ ತೌರಿನಲ್ಲಿರ್ತೀನಿ. ನನ್ನ ತಮ್ಮನ ಎಮ್ಮೆ ಬೆನ್ನು ನೆನೆದ ದಿನ ಹೇಳಿಕಳಿಸ್ತಾನೆ, ಆಮೇಲೆ ಬರೋದೋ ಬ್ಯಾಡವೋ ಯೋಚನೆ ಮಾಡ್ತೀನಿ." ಬಾಗಿಲಲ್ಲಿ ನಿಂತು ನನ್ನ ಕಡೆ ತಿರುಗಿದಳು. "ಇಂದುಮತಿ, ಹಾಲು ಕಾಯಿಸಿಟ್ಟಿದ್ದೀನಿ, ಹೆಪ್ಪು ಹಾಕ್ಕೊ." ಅವಳು ಬೈದಿದ್ದರೆ ನನಗೆ ಅಷ್ಟು ನೋಯುತ್ತಿರಲಿಲ್ಲ.

ಆಮೇಲೆ ಗೌಡ ಅಡುಗೆ ಮಾಡಿದ. ಅದರ ವಿಷಯ ಬೇಡ. ತಾರಸಿ ಖಾಲಿಯಾಗಿ, ಅಲ್ಲಿ ಕಾಗೆಗಳು ಬಂದು ಹಪ್ಪಳ ಹುಡುಕಿ ಹೋಗುತ್ತಿದ್ದವು. ಗೌಡ ಎರಡು ದಿನ ಗದ್ದೆಗೆ ಹೋಗಿ ಬಂದ, ತಂಪು ಗಾಳಿಯಲ್ಲಿ ನಿಂತು ಬಂದ. ಮೂರನೆಯ ಬೆಳಿಗ್ಗೆ ನಾನು ಕಚೇರಿಗೆ ಹೊರಟಾಗ ಮೆಟ್ಟಿಲ ಕೆಳಗೆ ಟವೆಲ್ ಹೆಗಲಿಗೆ ಹಾಕಿಕೊಂಡು ಕಾದಿದ್ದ.

"ಆ ಕೆರೇನ ಬಿಟ್ಟುಬಿಡವ್ವ. ನಾಲೇನೇ ಬರಿ."

"ಹೂವಾಗೋ ಹೊತ್ತಿಗೆ ನೀರು ಸಾಲದೆ ಹೋದರೆ?"

"ಜಳ್ಳಾದ್ರೆ ಆಗಲಿ. ಜಳ್ಳು ನನಗೆ ಹೊಸದಾ?"

ಕೆರೆಯನ್ನು ತೆಗೆದು ನಾಲೆಯನ್ನು ಬರೆದೆ. ನಾಲೆಯಲ್ಲಿ ಎಷ್ಟು ನೀರು ಹರಿಯುತ್ತದೆ, ಯಾವ ಗದ್ದೆಗೆ ಯಾವಾಗ ಸರದಿ, ಎಲ್ಲವನ್ನೂ ನೀರುಗಂಟಿಯನ್ನು ಮಾವಿನ ಮರದ ಕೆಳಗಿನಿಂದ ಎಬ್ಬಿಸಿ ಕೇಳಿಕೊಂಡು ಬರೆದೆ. ದಕ್ಷಿಣಾಮೂರ್ತಿಗಳು ಮೊದಲ ಸಲ ನಕ್ಕರು. ಪೆಟ್ಟಿಗೆಯೂ ತಕರಾರಿಲ್ಲದೆ ಓಡಿತು. ಎಲ್ಲಾ ಸರಿಹೋಯಿತು ಎಂದುಕೊಂಡೆ.

ಆದರೆ ಗದ್ದೆ ಬಯಲಿನ ಮೇಲೆ ಮತ್ತೆ ಬಿಸಿಗಾಳಿ ಎದ್ದಿತು. ಮೊದಲಿನಷ್ಟಲ್ಲ, ಆದರೂ ಕೆನ್ನೆ ಸುಡುವಷ್ಟು. ಗದ್ದೆಗಳಲ್ಲಿ ನೋಡಿದರೆ ನೀರು ತುಂಬಿ ತುಳುಕುತ್ತಿದೆ! ಪೆಟ್ಟಿಗೆಯ ಲೆಕ್ಕದಲ್ಲಿ ಅಷ್ಟು ನೀರು ಇಲ್ಲವೇ ಇಲ್ಲ. ಆ ಹೆಚ್ಚಿನ ನೀರು ಎಲ್ಲಿಂದ ಬಂತು ಎಂದು ಈ ಸಲ ನಾನೇ ತಲೆ ಕೆರೆದುಕೊಂಡೆ.

ಉತ್ತರ ನಡೆದುಕೊಂಡೇ ಕಚೇರಿಗೆ ಬಂತು. ಊರಿನ ಗಣ್ಯರೆಲ್ಲ ಒಂದು ಮಧ್ಯಾಹ್ನ ಒಟ್ಟಾಗಿ ಬಂದರು. ಮುಂದೆ ಸೊಸೈಟಿ ಅಧ್ಯಕ್ಷರು, ಪಕ್ಕದಲ್ಲಿ ರಿಟೈರಾದ ಮೇಷ್ಟ್ರು, ಹಿಂದೆ ನಾಲೆ ಬಯಲಿನ ಹಿಡುವಳಿದಾರರು, ಎಲ್ಲರಿಗಿಂತ ಹಿಂದೆ ಬಾಗಿಲ ಮರೆಯಲ್ಲಿ ಕೆಂಚೇಗೌಡ. ಅಧ್ಯಕ್ಷರು ಕೆಮ್ಮಿದರು.

"ಪೆಟ್ಟಿಗೇಲಿ ಒಂದು ಸಣ್ಣ ಸಂಗತಿ ಬಿಟ್ಟುಹೋಗಿದೆ ಸಾರ್."

"ಯಾವುದು?" ಎಂದರು ದಕ್ಷಿಣಾಮೂರ್ತಿಗಳು.

"ಅದೇ... ಸರದಿ ಇಲ್ಲದಾಗ ಹರಿಯೋ ನೀರು."

"ಕದ್ದ ನೀರೇ?"

"ಛೆ ಛೆ. ಅಂಥ ಮಾತು ಯಾಕೆ? ತಾನಾಗೇ ಹರಿಯೋ ನೀರು."

"ತೂಬಿನ ಹಲಗೆ ತಾನಾಗೇ ಏಳುತ್ತಾ?"

"ಕೆಲವು ಸಲ ಏಳುತ್ತೆ" ಎಂದರು ಮೇಷ್ಟ್ರು, ಬಹಳ ಗಂಭೀರವಾಗಿ. "ಮರದ ಗುಣ."

ವಿಷಯ ಇಷ್ಟೇ. ಒಬ್ಬರ ಸರದಿಯಲ್ಲಿ ಇನ್ನೊಬ್ಬರು ಹಲಗೆ ಎತ್ತುವುದು ಆ ಊರಿನಲ್ಲಿ ನಾಲೆ ಬಂದಾಗಿನಿಂದ ನಡೆದು ಬಂದದ್ದು. ಈಗಲೂ ಎತ್ತಿದ್ದರು. ನೀರು ಗದ್ದೆಗೆ ಬಂತು, ಆದರೆ ಪೆಟ್ಟಿಗೆಗೆ ಗೊತ್ತಾಗಲಿಲ್ಲ. ಆದ್ದರಿಂದ ಆ ನೀರಿನಿಂದ ಒಂದು ಉಸಿರು ತಂಪೂ ಹುಟ್ಟಲಿಲ್ಲ. ಕದ್ದದ್ದು ದಂಡವಾಗುತ್ತಿದೆ ಎಂಬುದು ಅವರ ಅಹವಾಲು.

"ಸೇರಿಸಬಹುದು" ಎಂದೆ ನಾನು. "ನೆಲದ ನಿಜವೇ ತಾನೆ. ಆದರೆ ಯಾರ ಗದ್ದೆ, ಎಷ್ಟು ನೀರು ಅಂತ ಹೇಳಬೇಕು. ಹೇಳದಿದ್ದರೆ ಎಲ್ಲಿ ಬರೆಯಲಿ?"

ಅಧ್ಯಕ್ಷರು ಮೇಷ್ಟ್ರನ್ನು ನೋಡಿದರು. ಮೇಷ್ಟ್ರು ಕ್ಯಾಲೆಂಡರ್ ನೋಡಿದರು. ಹಿಂದಿದ್ದವರು ತಮ್ಮ ತಮ್ಮ ಹೆಬ್ಬೆರಳು ನೋಡಿಕೊಂಡರು. "ನಮ್ಮ ಕಡೆಯೋರು ಯಾರೂ ಅಂಥೋರಲ್ಲ" ಎಂದು ಯಾರೋ ಒಬ್ಬರು ಶುರು ಮಾಡಿದರು.

"ನಂದು ಬರ್ಕೊಳವ್ವ" ಎಂದ ಕೆಂಚೇಗೌಡ.

ಬಾಗಿಲ ಮರೆಯಿಂದ ಮುಂದೆ ಬಂದ. ಟವೆಲ್ ತೆಗೆದು ಕೈಯಲ್ಲಿ ಹಿಡಿದಿದ್ದ. "ನಾಲೆ ಬಾಯಲ್ಲೇ ನನ್ನ ಗದ್ದೆ. ನನ್ನ ಸರದಿ ಮುಗಿದ ಮೇಲೂ ಹಲಗೆ ಪೂರ್ತಿ ಇಳಿಸಲ್ಲ. ನಾಲ್ಕು ಬೆರಳು ಬಿಟ್ಟಿರ್ತೀನಿ. ವರ್ಷಗಟ್ಟಲೆ ಬಿಟ್ಟಿದ್ದೀನಿ. ಬರ್ಕೊ."

"ಆಮೇಲೆ?" ಎಂದಿತು ಕಿಟಕಿ.

ಎಲ್ಲರೂ ತಿರುಗಿದೆವು. ಸರಳುಗಳ ನಡುವೆ ಹಸಿರು ಬಳೆಯ ಕೈ. ಹಿಂದೆ ಜವರಪ್ಪ. ಕೆರೆ ಯಾವಾಗ ತುಂಬುತ್ತದೆ ಎಂದು ನನ್ನನ್ನು ಕೇಳಲು ಬಂದವರು, ಜನ ಕಂಡು ಅಲ್ಲೇ ನಿಂತಿದ್ದರು. ಗೌಡನ ಮುಖ ನೋಡಬೇಕಿತ್ತು. ಸರದಿ ಇಲ್ಲದಾಗ ಹಲಗೆ ಎತ್ತಿ ಕೈಯಲ್ಲೇ ಹಿಡಿದು ನಿಂತವನ ಹಾಗಿತ್ತು.

"ಆಮೇಲೆ ಏನೈತೆ?" ಎಂದ.

"ಇನ್ನೂ ಅದೆ. ಹೇಳು."

ಗೌಡ ನೆಲ ನೋಡಿಕೊಂಡು ಹೇಳಿದ. "ಜವರನ ಕೆರೆಯಿಂದ ನೀರು ಅಂತ ಬರೆಸಿದೋನೂ ನಾನೇ. ಈ ಹುಡುಗಿಗೆ ಅದು ಯಾರ ಕೆರೆ ಅಂತ ಹೇಳಲಿಲ್ಲ."

"ಕೇಳದೆ ಬರೆದವಳು ನಾನು" ಎಂದೆ. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಜವರಪ್ಪ ಮಾತಾಡುತ್ತಿದ್ದ.

"ಭಾವ, ನಾಲೆ ಕೊನೆ ಬೀಳೋದು ನಮ್ಮ ಕೆರೆಗೆ. ನೀನು ಬಿಟ್ಟ ಆ ನಾಲ್ಕು ಬೆರಳು ನೀರು ನಮಗೆ ಬರಬೇಕಾದ್ದು. ಪೆಟ್ಟಿಗೇಲಿ ಬರೆಸಿ ಕುಡಿದದ್ದು ಈಗ. ಅದಕ್ಕೆ ಮುಂಚೆ ಬರೆಸದೇನೇ ಕುಡಿದಿದ್ದೀಯ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಎಲ್ಲರಿಗೂ ಮುಜುಗರವಾಯಿತು.

ಆ ಮುಜುಗರ ಹೆಚ್ಚು ಹೊತ್ತು ನಿಲ್ಲಲಿಲ್ಲ. ಗೌಡನದು ಒಬ್ಬನದೇ ಬರೆದರೆ ಗೌಡನ ಗದ್ದೆ ಒಂದೇ ತಂಪಾಗುತ್ತದೆ ಎಂಬ ಸತ್ಯ ಮೊದಲು ಹೊಳೆದದ್ದು ಅಧ್ಯಕ್ಷರಿಗೆ. "ನಂದೂ ಒಂದು ಎರಡು ಬೆರಳು ಹಾಕ್ಕೊಳ್ಳಿ" ಎಂದರು, ಬೇರೆ ಯಾರ ವಿಷಯವನ್ನೋ ಹೇಳುವ ಹಾಗೆ. "ನಂದು ಮೂರು" ಎಂದಿತು ಹಿಂದಿನಿಂದ ಒಂದು ದನಿ. ಅಷ್ಟೇ, ಕಟ್ಟೆ ಒಡೆಯಿತು. ಮೇಜಿನ ಮುಂದೆ ಸಾಲು ನಿಂತರು. ಕದ್ದದ್ದಕ್ಕಿಂತ ಹೆಚ್ಚು ಒಪ್ಪಿಕೊಳ್ಳತೊಡಗಿದರು. ನಾನು ಅವನಿಗಿಂತ ಜಾಸ್ತಿ ಕದೀತೀನಿ, ಅವನಿಗೆ ಕದಿಯೋಕೆ ಏನು ಗೊತ್ತು ಎಂದು ಪರಸ್ಪರ ಹಳಿದರು. ಮೇಷ್ಟ್ರು ತಾವು ಇಡೀ ಹಲಗೆಯನ್ನೇ ಎತ್ತಿ ಪಕ್ಕಕ್ಕಿಡುತ್ತಿದ್ದುದಾಗಿ ಹೇಳಿದಾಗ ಕಿಟಕಿಯಿಂದ ಪುಟ್ಟನಂಜಮ್ಮ, "ಮೇಷ್ಟ್ರೇ, ನಿಮಗೆ ಹಪ್ಪಳ ಎತ್ತೋಕಾಗಲ್ಲ" ಎಂದಳು.

ದಕ್ಷಿಣಾಮೂರ್ತಿಗಳು ಎಲ್ಲವನ್ನೂ ಕೂಡಿದರು. ಕದ್ದ ನೀರು ನಾಲೆಯ ನೀರಿಗಿಂತ ಹೆಚ್ಚಾಯಿತು.

"ಹಾಗಾದರೆ ಕೆರೆಗೆ?" ಎಂದ ಜವರಪ್ಪ.

ಗೌಡ ಕಿಟಕಿಯ ಕಡೆ ನೋಡದೆ ನನ್ನ ಮೇಜಿನ ಹತ್ತಿರ ಬಂದ. ನಾಲ್ಕು ಬೆರಳು ಎತ್ತಿ ತೋರಿಸಿ, ಅದರಲ್ಲಿ ಮೂರನ್ನು ಮಡಿಚಿದ. "ನನಗೆ ಒಂದು ಬಿಡು. ಉಳಿದದ್ದು ಕೊನೆವರೆಗೂ ಹರೀಲಿ, ಹಾಗೆ ಬರಿ. ಬಾಯಲ್ಲಿರೋನು ನಾನು ಕುಡೀದಿದ್ರೆ ಕೊನೇವರೆಗೂ ಹೋಗ್ತದೆ." ಆಮೇಲೆ ಬಾಗಿಲಿಗೆ ಹೋಗಿ ಉಳಿದವರನ್ನು ನೋಡುತ್ತ ನಿಂತ. ಸುಮ್ಮನೆ ನಿಂತ, ಅಷ್ಟೆ. ಗೌಡ ಎತ್ತರದ ಆಳು, ಬಾಗಿಲು ಅವನ ಹಿಂದೆ ಇತ್ತು. ಒಬ್ಬೊಬ್ಬರೇ ಬಂದು ಬೆರಳು ಮಡಿಚಿದರು. ಅಧ್ಯಕ್ಷರು ಮಡಿಚಲು ಬಹಳ ಹೊತ್ತು ತೆಗೆದುಕೊಂಡರು.

ನಾನು ಬರೆದೆ. ನಾಲೆ, ಸರದಿ, ಸರದಿಯಾಚೆಯ ಬೆರಳುಗಳು, ಕೊನೆಗೆ ಕೆರೆ. ಅಷ್ಟು ಬರೆದು ತಲೆಯೆತ್ತುವಾಗ ಕಿಟಕಿ ಖಾಲಿಯಾಗಿತ್ತು. ಅಕ್ಕ ತಮ್ಮ ಹೊರಟುಹೋಗಿದ್ದರು. ಗೌಡ ಸರಳು ಹಿಡಿದು ಬೀದಿಯ ತುದಿಯವರೆಗೂ ನೋಡಿದ.

ಭತ್ತ ಹೂವಾದ ವಾರ ಗಾಳಿ ತಂಪಾಗಿಯೂ ಇರಲಿಲ್ಲ, ಸುಡಲೂ ಇಲ್ಲ. ಕದ್ದು ಹಾಯಿಸುತ್ತಿದ್ದ ನೀರೆಲ್ಲ ಈಗ ಬರೆದ ನೀರಾಗಿ, ಅದನ್ನು ಕದಿಯಲು ಯಾರಿಗೂ ಮನಸ್ಸಾಗದೆ, ಗಂಡಸರು ಸಂಜೆಯ ಹೊತ್ತು ಕೈಕಾಲು ಆಡಿಸಲು ಕಬಡ್ಡಿ ಶುರು ಮಾಡಿದರು. ಗೌಡನ ಗದ್ದೆಯಲ್ಲಿ ಅಂಚಿನ ತೆನೆಗಳು ಜಳ್ಳಾದವು, ನಡುವಿನವು ತೂಗಿದವು. ಕೊಯ್ಲು ಮುಗಿಯಿತು, ಒಕ್ಕಣೆಯೂ ಮುಗಿಯಿತು. ಪಕ್ಕದ ಊರಿನಿಂದ ಹೇಳಿಕಳಿಸಿದವರಿಲ್ಲ. ಗೌಡ ದಿನಾ ಸಂಜೆ ನನ್ನನ್ನು ಕೇಳುತ್ತಿದ್ದ, ಪಕ್ಕದ ಚೌಕದಲ್ಲಿ ಕೆರೆ ಎಷ್ಟಾಯಿತು ಎಂದು. ಹೇಳುತ್ತಿದ್ದೆ. ಎಮ್ಮೆಯ ಬೆನ್ನು ಎಷ್ಟು ಎತ್ತರ ಎಂದು ಪೆಟ್ಟಿಗೆಗೆ ಗೊತ್ತಿರಲಿಲ್ಲ.

ಕೊನೆಗೆ ಅವನೇ ಹೊಸ ಅಕ್ಕಿ ಗಂಟು ಕಟ್ಟಿ ಹೆಗಲ ಮೇಲಿಟ್ಟುಕೊಂಡ. ಮದುವೆಯಾದಾಗಿನಿಂದ ಹೆಂಡತಿಯ ತೌರಿಗೆ ಕಾಲಿಡದವನು. "ನೀನೂ ಬಾ. ನನ್ನೊಬ್ಬನ್ನೇ ಕಂಡ್ರೆ ಅಲ್ಲಿ ನಾಯಿಗಳು ಬಿಡಲ್ಲ" ಎಂದ. ಹೋದೆ. ಕೆರೆ ಏರಿ ಹತ್ತಿ ನೋಡಿದರೆ ಕೆರೆ ತುಂಬಿರಲಿಲ್ಲ. ಅರ್ಧವಿತ್ತು. ನಡುವೆ ನಾಲ್ಕಾರು ಎಮ್ಮೆಗಳು, ಮೂಗಿನ ಹೊಳ್ಳೆ ಮಾತ್ರ ಮೇಲೆ ಬಿಟ್ಟುಕೊಂಡು ಮಲಗಿದ್ದವು.

"ಬೆನ್ನು ನೆನೆದೈತೆ!" ಎಂದು ಗೌಡ ಏರಿಯ ಮೇಲೇ ನಿಂತುಬಿಟ್ಟ. "ಯಾವಾಗಲೋ ನೆನೆದೈತೆ. ಹೇಳಿಕಳಿಸಲೇ ಇಲ್ಲ!"

ಜವರಪ್ಪನ ಮನೆಯ ಮುಂದೆ ಹಪ್ಪಳ ಹರಡಿತ್ತು. ಪುಟ್ಟನಂಜಮ್ಮ ಲಟ್ಟಿಸುತ್ತಲೇ ಇದ್ದಳು, ತಲೆಯೆತ್ತಲಿಲ್ಲ. "ನೆನೆದು ಹದಿನೈದು ದಿನ ಆಯ್ತು. ಯೋಚನೆ ಮಾಡ್ತ ಇದ್ದೆ" ಎಂದಳು. ಆಮೇಲೆ ಗಂಟು ಬಿಚ್ಚಿ ಅಕ್ಕಿಯನ್ನು ಅಂಗೈಗೆ ಹಾಕಿಕೊಂಡು ನೋಡಿದಳು, ಒಂದು ಕಾಳು ಬಾಯಿಗೆ ಹಾಕಿಕೊಂಡು ಕಡಿದಳು. ಎದ್ದು ಒಲೆ ಹಚ್ಚಿದಳು.

ಮಧ್ಯಾಹ್ನ ನಾಲ್ವರಿಗೂ ಎಲೆ ಹಾಕಿದ್ದಳು. ಜವರಪ್ಪ ಭಾವನಿಗೆ ಚಾಪೆ ಹಾಸಿದ. ಹೊಸ ಅಕ್ಕಿಯ ಅನ್ನ, ಬಿಸಿ ಬಿಸಿ, ಮೇಲೆ ಹುರುಳಿ ಕಟ್ಟಿನ ಸಾರು. ಜವರಪ್ಪ ಒಂದು ತುತ್ತು ತಿಂದು ತಲೆದೂಗಿದ. "ಚೆನ್ನಾಗದೆ ಭಾವ."

ಗೌಡನೂ ಒಂದು ತುತ್ತು ಬಾಯಿಗಿಟ್ಟ. ಕಣ್ಣು ಮುಚ್ಚಿ ನಿಧಾನವಾಗಿ ಜಗಿದ. ಇನ್ನೊಂದು ತುತ್ತು ತಿಂದ. ಆಮೇಲೆ ದೊಡ್ಡ ನಿಟ್ಟುಸಿರು ಬಿಟ್ಟ.

"ಏನೇ ಹೇಳು ಜವರ. ಕದ್ದ ನೀರಲ್ಲಿ ಬೆಳೆದ ಅಕ್ಕಿ ರುಚಿ ಇದಕ್ಕಿಲ್ಲ."

ಪುಟ್ಟನಂಜಮ್ಮ ಸಾರಿನ ಪಾತ್ರೆ ಕೆಳಗಿಟ್ಟು ಬಗ್ಗಿ, ಗಂಡನ ಮುಂದಿನ ಎಲೆಯನ್ನು ಅನ್ನದ ಸಮೇತ ತನ್ನ ಕಡೆಗೆ ಎಳೆದುಕೊಂಡಳು. ಗೌಡನ ಕೈ ಎಲೆಯಿಲ್ಲದ ನೆಲದ ಮೇಲೆ ಹಾಗೇ ನಿಂತಿತು.

"ಅದೆ" ಎಂದ. "ರುಚಿ ಅದೆ ಕಣೆ. ಈಗ ಗೊತ್ತಾಯ್ತು. ಬಾಳ ರುಚಿ ಅದೆ."